ಡಬ್ಬಿ ಬಟ್ಟೆಯ ಎಡಗಂಟು

ಆ ಹೆಂಗಸು ಎಡಗೈ ಮುಂದೆ ಮಾಡಿ ಗಂಟು ಹಾಕುತ್ತಿದ್ದಳು.

ಶಿಹೊ ತರಗತಿಯ ಬಾಗಿಲಲ್ಲೇ ನಿಂತುಬಿಟ್ಟಳು. ಪರ್ತ್‌ನ ಜಪಾನೀ ಮಕ್ಕಳ ಶನಿವಾರದ ಶಾಲೆ ಆಗಷ್ಟೇ ಬಿಟ್ಟಿತ್ತು. ಕುಂಚಬರಹ ಕಲಿಸುವ ಹೊಸ ಟೀಚರ್ ಮಂಡಿಯೂರಿ ಕೂತು, ಶಿಹೊಳ ಎಂಟು ವರ್ಷದ ಮಗಳು ಮಿನೊರಿಯ ಊಟದ ಡಬ್ಬಿಗೆ ಬಟ್ಟೆ ಸುತ್ತಿ ಕಟ್ಟಿಕೊಡುತ್ತಿದ್ದಳು. ಕಟ್ಟಿ ಮುಗಿಸಿದಾಗ ಬಟ್ಟೆಯ ತುದಿಯ ಕಸೂತಿ ಹೂವು ಎಡಕ್ಕೆ ಬಂದು ಕೂತಿತ್ತು.

ಎಡಕ್ಕೆ...

ಶಿಹೊ ಆ ಗಂಟಿನಿಂದ ಕಣ್ಣು ಕೀಳಲಿಲ್ಲ.

ಅವಳ ಗಂಡ ತೊಮೊಹಿಸನ ಡಬ್ಬಿಯೂ ಎರಡು ತಿಂಗಳಿಂದ ಹೀಗೇ ಬರುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಅನ್ನ, ಸುತ್ತಿದ ಮೊಟ್ಟೆ, ಒಂದು ತುಂಡು ಮೀನು, ಉಪ್ಪಿನಲ್ಲಿ ಊರಿದ ಪ್ಲಮ್ ಹಣ್ಣು ಇಟ್ಟು ಅವಳು ಡಬ್ಬಿ ಕಟ್ಟುತ್ತಾಳೆ. ಸಂಜೆ ಅವನು ಖಾಲಿ ಡಬ್ಬಿಗೆ ಅದೇ ಬಟ್ಟೆ ಕಟ್ಟಿ ತರುತ್ತಾನೆ. ಅಷ್ಟು ವರ್ಷವೂ ಹೂವು ಬಲಗಡೆಗೇ ಇತ್ತು. ಏಪ್ರಿಲ್ ತಿಂಗಳು ಬಂದಿದ್ದೇ ತಡ, ಅದು ಎಡಕ್ಕೆ ಸರಿದಿತ್ತು. ಬೇರೆಯವರಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ಆದರೆ ಆ ಹೂವಿನ ಒಂದೊಂದು ಎಳೆಯನ್ನೂ ಹಾಕಿದವಳು ಶಿಹೊ. ಇದು ನನ್ನ ಗಂಡ ಹಾಕುವ ಗಂಟಲ್ಲ ಎಂದು ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತು. ಯಾರದು ಅನ್ನುವುದೊಂದು ಗೊತ್ತಾಗಿರಲಿಲ್ಲ.

"ಓ, ಮಿನೊರಿ ಅಮ್ಮ ಅಲ್ವಾ ನೀವು?" ಟೀಚರ್ ಎದ್ದು ನಿಂತು ನಕ್ಕಳು. ಮೂವತ್ತು ದಾಟಿರಲಾರದು. ಕೆನ್ನೆಯಲ್ಲಿ ಗುಳಿ ಬೇರೆ. "ನಾನು ಸುಜುನೆ. ಇವತ್ತು ತೊಮೊಹಿಸ ಬರ್ಲಿಲ್ವಾ?"

ತೊಮೊಹಿಸ.

ಜಪಾನೀಯರಲ್ಲಿ ಪರಗಂಡಸನ್ನು ಮನೆತನದ ಹೆಸರಿನಿಂದ ಕರೆಯುತ್ತಾರೆ, ಅದರ ಕೊನೆಗೆ ಒಂದು ಗೌರವದ ಪದವನ್ನೂ ಅಂಟಿಸುತ್ತಾರೆ. ಕಟ್ಟಿಕೊಂಡ ಹೆಂಡತಿಯೇ ಹನ್ನೊಂದು ವರ್ಷದಲ್ಲಿ ಒಂದು ದಿನ ಆ ಹೆಸರನ್ನು ಬಾಯಿಬಿಟ್ಟು ಕರೆದಿಲ್ಲ. ಇವಳು ಪಕ್ಕದ ಮನೆ ಹುಡುಗನನ್ನು ಕೂಗಿದ ಹಾಗೆ ಕೂಗುತ್ತಿದ್ದಾಳೆ.

"ಅವರಿಗೆ ಗಣಿ ಕಡೆ ಕೆಲಸ ಇತ್ತು," ಎಂದಳು ಶಿಹೊ. "ನಿಮಗೆ ಅವರು ಚೆನ್ನಾಗಿ ಗೊತ್ತಾ?"

"ಗೊತ್ತಿಲ್ದೇ ಏನು. ವಾರದ ದಿನ ನಾನು ಕೆಲಸ ಮಾಡೋದು ಅವರ ಆಫೀಸ್ ಇರೋ ಬಿಲ್ಡಿಂಗಲ್ಲೇ. ಮಧ್ಯಾಹ್ನ ನದಿ ಹತ್ರ ಬೆಂಚಲ್ಲಿ ಊಟಕ್ಕೆ ಕೂತಾಗ ಸಿಗ್ತಾರೆ. ನಿಮ್ಮ ಕೈಯಡುಗೆ ಅಂದ್ರೆ ಪ್ರಾಣ ಅವರಿಗೆ."

'ನನ್ನ ಕೈಯಡುಗೆ ಇವಳ ಪಕ್ಕ ಕೂತು ತಿನ್ನೋದು. ಆಮೇಲೆ ಇವಳು ಡಬ್ಬಿ ಕಟ್ಟಿಕೊಡೋದು. ಚೆನ್ನಾಗಿದೆ ಸಂಸಾರ,' ಎಂದುಕೊಂಡಳು ಶಿಹೊ. ಬಾಯಲ್ಲಿ ಮಾತ್ರ, "ಮಗಳನ್ನ ನೋಡ್ಕೊಳ್ತಿರೋದಕ್ಕೆ ತುಂಬ ಥ್ಯಾಂಕ್ಸ್ ಟೀಚರ್," ಎಂದು ಸೊಂಟದವರೆಗೆ ಬಾಗಿದಳು. ಹೊಟ್ಟೆ ಉರಿದಷ್ಟೂ ಆಳವಾಗಿ ಬಾಗುವುದು ಅವಳ ಜನರಿಗೆ ಕರಗತ.

ಏಪ್ರಿಲ್‌ನಿಂದ ಶನಿವಾರ ಮಗಳನ್ನು ಕರೆತರುವ ಕೆಲಸ ತನ್ನದೇ ಎಂದು ತೊಮೊಹಿಸ ಹಠ ಹಿಡಿದಿದ್ದ. ಪಾಪ, ಮಗಳ ಮೇಲೆ ಎಷ್ಟು ಪ್ರೀತಿ ಎಂದು ಹಿಗ್ಗಿದ್ದವಳು ಕಾರಿನಲ್ಲಿ ಕೂತು ತನ್ನನ್ನು ತಾನೇ ಬೈದುಕೊಂಡಳು.

"ಅಮ್ಮಾ, ಸುಜುನೆ ಟೀಚರ್ ಎಡಗೈಲೇ ಬರೀತಾರೆ ಗೊತ್ತಾ? ಕುಂಚ ಕೂಡ." ಹಿಂದಿನ ಸೀಟಿನಿಂದ ಮಿನೊರಿ ಸಂಭ್ರಮದಿಂದ ಹೇಳಿದಳು.

"ಅವರು ಇಲ್ಲೇ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರಂತೆ. ಹೇಳೋರು ಕೇಳೋರು ಇರ್ಲಿಲ್ಲ. ನೀನು ಹಾಗೆ ಮಾಡ್ಬೇಡ."

ಮಗಳು ಕಿಟಕಿ ಕಡೆ ತಿರುಗಿದಳು. ಅವಳೂ ಎಡಚಿಯೇ. ಶಿಹೊ ನಾಲ್ಕು ವರ್ಷದಿಂದ ಅವಳ ಕೈ ತಿದ್ದುತ್ತಿದ್ದಳು. ಕಡ್ಡಿ ಹಿಡಿದು ಅನ್ನ ತಿನ್ನುವಾಗ, ಪೆನ್ಸಿಲ್ ಎತ್ತಿಕೊಂಡಾಗ, "ಆ ಕೈ ಅಲ್ಲ" ಎಂದು ಮೆಲ್ಲಗೆ ಹೇಳಿ ಬಲಗೈಗೆ ಕೊಡುತ್ತಿದ್ದಳು. ನಾಳೆ ಜಪಾನಿಗೆ ಹೋದಾಗ ನಾಲ್ಕು ಜನರ ನಡುವೆ ಮಗಳು ನಗೆಪಾಟಲಾಗಬಾರದಲ್ಲ. ಏಪ್ರಿಲ್‌ನಲ್ಲಿ ಕುಂಚಬರಹ ಶುರುವಾದ ಮೇಲಂತೂ ಅಭ್ಯಾಸಕ್ಕೆ ಕೂರಿಸುವಾಗ ಎಡಗೈಗೆ ಕರವಸ್ತ್ರ ಸುತ್ತಿ ತೊಡೆಯ ಮೇಲೆ ಇಡಿಸುತ್ತಿದ್ದಳು.

ಆ ಸಂಜೆಯಿಂದ ಶಿಹೊಗೆ ಹೊಸ ಕಸುಬೊಂದು ಹತ್ತಿತು. ಗಂಡ ಬೂಟು ಬಿಚ್ಚುವ ಮೊದಲೇ ಅವನ ಚೀಲದಿಂದ ಡಬ್ಬಿ ತೆಗೆದು ನೋಡುವುದು. ಸೋಮವಾರ ಎಡಕ್ಕೆ. ಮಂಗಳವಾರ ಎಡಕ್ಕೆ. ಗುರುವಾರ ಒಂದು ದಿನ ಬಲಕ್ಕಿತ್ತು. ಅಂದು ಅವಳು ಅಡುಗೆಮನೆಯಲ್ಲಿ ಹಾಡು ಗುನುಗಿದಳು. ಆಮೇಲೆ, 'ಅವಳು ಇವತ್ತು ರಜೆ ಹಾಕಿರ್ಬೇಕು' ಎಂದು ಹೊಳೆದು, ಹುರಿಯುತ್ತಿದ್ದ ಬದನೆಕಾಯಿ ಸೀಯುವವರೆಗೆ ಹಾಗೇ ನಿಂತಿದ್ದಳು. ಅನುಮಾನಕ್ಕೆ ಮದ್ದಿಲ್ಲ ಅನ್ನುವುದು ಸುಮ್ಮನೆ ಅಲ್ಲ ನೋಡಿ.

ಕೇಳಿಬಿಡಬಹುದಿತ್ತು. ಬಾಯಿ ಇರುವುದು ಯಾಕೆ? ಆದರೆ ಕೇಳಿದರೆ ಅವನು ಹೌದು ಅಂದುಬಿಟ್ಟರೆ...

ಜುಲೈನಲ್ಲಿ ಕಂಪನಿಯಿಂದ ಪತ್ರ ಬಂತು. ಪರ್ತ್‌ನ ಅವಧಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ, ಒಸಾಕಾಗೆ ವಾಪಸ್ಸೋ ಇನ್ನು ಮೂರು ವರ್ಷ ಇಲ್ಲೋ ಎಂದು ಆಗಸ್ಟ್ ಕೊನೆಯೊಳಗೆ ತಿಳಿಸಬೇಕು.

"ಇಲ್ಲೇ ಇರೋಣ," ಎಂದ ತೊಮೊಹಿಸ. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ.

"ಯಾಕೆ? ವಾಪಸ್ ಹೋಗೋ ದಿನ ಲೆಕ್ಕ ಹಾಕ್ತಿದ್ದಿದ್ದು ನೀವೇ ಅಲ್ವಾ?"

"ಮಿನೊರಿಗೆ ಇಲ್ಲೇ ಒಳ್ಳೇದು."

"ಮಿನೊರಿಗಾ?" ಶಿಹೊ ಅವನ ಮುಖವನ್ನೇ ನೋಡಿದಳು. "ಇಲ್ಲಿ ಯಾರನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ ನಿಮಗೆ?"

ಅವನು ಬೆಚ್ಚಿದ.   ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ. ಶಿಹೊಗೆ ಅಷ್ಟೇ ಸಾಕಾಯಿತು.

"ಸರಿ. ನೀವಿರಿ. ಮುಂದಿನ ತಿಂಗಳು ಒಬೋನ್ ಹಬ್ಬಕ್ಕೆ ಅತ್ತೆ ಬರ್ತಾರಲ್ಲ, ಅದು ಮುಗಿಸಿ ಅವರ ಜೊತೆ ನಾನೂ ಮಿನೊರಿಯೂ ಒಸಾಕಾಗೆ ಹೋಗ್ತೀವಿ. ಎಷ್ಟು ಜನ ಗಂಡಸರು ಒಬ್ಬೊಬ್ಬರೇ ಇಲ್ವಾ ಇಲ್ಲಿ. ಯಾರೂ ಏನೂ ಅನ್ನಲ್ಲ."

ನಿಜ, ಯಾರೂ ಏನೂ ಅನ್ನುವುದಿಲ್ಲ. ಕಂಪನಿ ಕೆಲಸಕ್ಕೆಂದು ಗಂಡ ಒಂದು ದೇಶದಲ್ಲಿ, ಹೆಂಡತಿ ಮಕ್ಕಳು ಇನ್ನೊಂದು ದೇಶದಲ್ಲಿ ಇರುವ ಮನೆಗಳು ಆ ಬೀದಿಯಲ್ಲೇ ಮೂರಿದ್ದವು. ಸಂಸಾರ ಮುರಿದಿದ್ದು ಹೊರಗಿನವರಿಗೆ ಕಾಣುವುದೂ ಇಲ್ಲ. ಬೇಡ ಅಂತ ಒಂದು ಮಾತು ಹೇಳಲಿ, ಒಂದೇ ಒಂದು ಮಾತು ಎಂದು ಅವಳು ಕಾದಳು. ಅವನು ತಲೆ ತಗ್ಗಿಸಿ ಕೂತೇ ಇದ್ದ. ಮರುದಿನ ಅವಳು ಎರಡು ಟಿಕೆಟ್ ಕಾದಿರಿಸಿದಳು.

ಆಗಸ್ಟ್‌ನಲ್ಲಿ ಒಬೋನ್ ಬಂತು. ಸತ್ತ ಹಿರಿಯರು ಮನೆಗೆ ಬರುವ ದಿನಗಳು. ವಕಯಾಮಾ ಕಡೆಯ ಹಳ್ಳಿಯಿಂದ ಅತ್ತೆ ತೋಕಿ ವಿಮಾನದಲ್ಲಿ ಬಂದಿಳಿದರು. ಅತ್ತೆಯ ಅಜ್ಜನ ತಮ್ಮ ಮುತ್ತಿನ ಚಿಪ್ಪು ಹೆಕ್ಕುವ ಕೆಲಸಕ್ಕೆ ಆಸ್ಟ್ರೇಲಿಯಾದ ಬ್ರೂಮ್ ಎಂಬ ಕರಾವಳಿ ಊರಿಗೆ ಬಂದು, ಹತ್ತೊಂಬತ್ತನೇ ವಯಸ್ಸಿಗೆ ಸಮುದ್ರದಲ್ಲೇ ಜೀವ ಬಿಟ್ಟಿದ್ದ. ಅವನ ಸಮಾಧಿಗೆ ಒಂದು ಸಲ ನೀರು ಹಾಕಿ ಬರಬೇಕು ಎಂಬುದು ಅವರ ಬಹುದಿನದ ಆಸೆ. ಹಾಗಾಗಿ ರಜೆಗೆ ನಾಲ್ವರೂ ಬ್ರೂಮ್‌ಗೆ ಹೊರಟರು.

ಕೆಂಪು ಮಣ್ಣು, ಸುಡುವ ಬಿಸಿಲು. ಸ್ಮಶಾನದಲ್ಲಿ ನೂರಾರು ಕಲ್ಲುಗಳು, ಎಲ್ಲದರ ಮೇಲೂ ಜಪಾನೀ ಅಕ್ಷರ. ಹುಡುಕುವ ಶ್ರಮವೇನೂ ಆಗಲಿಲ್ಲ. ಸಾಲಿನ ಕೊನೆಯಲ್ಲಿ ಬಕೆಟ್ ಹಿಡಿದು ಒಬ್ಬಳು ನಿಂತಿದ್ದಳು.

"ಇಲ್ಲಿ, ಇಲ್ಲಿ ಬನ್ನಿ. ಇದೇ ಕಲ್ಲು."

ಸುಜುನೆ.

"ಟೀಚರ್!" ಮಿನೊರಿ ಓಡಿದಳು. ಶಿಹೊ ಅಲ್ಲೇ ನಿಂತಳು.

"ಇವರು ಇಲ್ಲಿ..." ಎಂದು ಗಂಡನ ಕಡೆ ತಿರುಗಿದಳು.

"ಇದು ಅವರ ಊರು," ಎಂದ ತೊಮೊಹಿಸ, ಅವಳ ಕಣ್ಣು ತಪ್ಪಿಸಿ. "ಅವರಪ್ಪ ಇಲ್ಲಿ ಮುತ್ತು ಬೆಳೆಸೋ ಕೆಲಸದಲ್ಲಿದ್ರು. ಸಮಾಧಿ ಹುಡುಕಿಕೊಡಿ ಅಂತ ನಾನೇ ಕೇಳಿದ್ದೆ."

'ನಾನೇ ಕೇಳಿದ್ದೆ.' ಹೆಂಡತಿ ಟಿಕೆಟ್ ತೆಗೆದರೆ ಬೇಡ ಅನ್ನಲು ಬಾಯಿ ಬರದವನಿಗೆ ಇವಳ ಹತ್ತಿರ ಕೇಳಲು ಬಾಯಿ ಬರುತ್ತದೆ.

ಅತ್ತೆಗಂತೂ ಸುಜುನೆ ಸಿಕ್ಕಿದ್ದು ಸಕ್ಕರೆ ಸಿಕ್ಕಿದ ಹಾಗಾಯಿತು. "ಎಂಥ ಹುಡುಗಿ ತಾಯಿ ನೀನು. ಕಲ್ಲಿನ ಧೂಳೆಲ್ಲ ಉಜ್ಜಿಟ್ಟಿದ್ದೀಯ. ನಮ್ಮ ಜೊತೇಲೇ ಊಟ ಮಾಡು ಬಾ," ಎಂದು ಕೈ ಹಿಡಿದು ಎಳೆದರು. ಶಿಹೊ ಕಲ್ಲಿನ ಮೇಲೆ ನೀರು ಸುರಿಯುತ್ತ, ಹತ್ತೊಂಬತ್ತಕ್ಕೆ ಸತ್ತವನ ಹತ್ತಿರ ಮನಸ್ಸಿನಲ್ಲೇ ಕೇಳಿದಳು. 'ನಿನ್ನ ವಂಶದವನಿಗೆ ಸ್ವಲ್ಪ ಬುದ್ಧಿ ಹೇಳಯ್ಯ.'

ಅವರು ಇಳಿದುಕೊಂಡ ಬಾಡಿಗೆ ಮನೆಯ ಜಗಲಿಯಲ್ಲಿ ಊಟ. ಶಿಹೊ ಬೆಳಿಗ್ಗೆ ಕಟ್ಟಿದ್ದ ಅನ್ನದ ಉಂಡೆ, ಹುರಿದ ಮೀನು. ಸುಜುನೆ ಎಡಗೈಯಲ್ಲಿ ಕಡ್ಡಿ ಹಿಡಿದು ಆರಾಮವಾಗಿ ತಿನ್ನತೊಡಗಿದಳು.

ಅತ್ತೆಯ ಹುಬ್ಬು ಮೇಲೇರಿತು. "ಎಡಗೈ... ಪಾಪ, ಚಿಕ್ಕೋಳಿದ್ದಾಗ ತಿದ್ದೋರು ಇರ್ಲಿಲ್ಲ ಅನ್ಸುತ್ತೆ."

"ಇದ್ರು ಅಜ್ಜಿ. ನಾನೇ ಕೇಳ್ಲಿಲ್ಲ," ಎಂದು ನಕ್ಕಳು ಸುಜುನೆ.

ಮಿನೊರಿ ಟೀಚರನ್ನೇ ನೋಡುತ್ತಿದ್ದಳು. ಮೆಲ್ಲಗೆ ತನ್ನ ಕಡ್ಡಿಗಳನ್ನು ಎಡಗೈಗೆ ದಾಟಿಸಿ ಒಂದು ತುಂಡು ಮೀನು ಎತ್ತಿದಳು. ಎಷ್ಟು ಸಲೀಸಾಗಿ ಎತ್ತಿದಳು! ಅಷ್ಟು ದಿನದಿಂದ ಒಳಗೇ ಬೇಯುತ್ತಿದ್ದ ಶಿಹೊಗೆ ಮಗಳೂ ಆ ಹೆಂಗಸಿನ ಕಡೆಗೆ ಸರಿದ ಹಾಗೆ ಕಂಡಿತು. ಚಟ್ಟನೆ ಮಗಳ ಕೈ ಮೇಲೆ ಹೊಡೆದಳು. ಮೀನು ನೆಲಕ್ಕೆ ಬಿತ್ತು.

"ಎಷ್ಟು ಸಲ ಹೇಳಿದ್ದೀನಿ, ಆ ಕೈ ಅಲ್ಲ ಅಂತ!"

ಮಿನೊರಿ ಅಳಲಿಲ್ಲ. ಎಡಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಅದರ ಮೇಲೆ ಕೂತಳು. ಅದನ್ನು ನೋಡಿದ ತೊಮೊಹಿಸನ ಮುಖ ಬಿಳುಚಿಕೊಂಡಿತು. ತಟ್ಟೆ ಬಿಟ್ಟು ಎದ್ದು ಸಮುದ್ರದ ಕಡೆ ನಡೆದುಬಿಟ್ಟ.

ಪಾತ್ರೆ ತೊಳೆಯುವ ನೆಪದಲ್ಲಿ ಸುಜುನೆ ಅಡುಗೆಮನೆಗೆ ಬಂದಳು.

"ನನ್ನ ಮೇಲೆ ನಿಮಗೆ ಕೋಪ ಇದೆ ಅಲ್ವಾ?"

"ನಮ್ಮೆಜಮಾನ್ರ ಡಬ್ಬಿ ಕಟ್ಟಿಕೊಡೋದು ನೀವೇ ಅಲ್ವಾ?" ಶಿಹೊ ನೇರವಾಗಿ ಕೇಳಿಯೇಬಿಟ್ಟಳು. ಎರಡು ತಿಂಗಳು ನುಂಗಿದ್ದ ಮಾತು ಅದು.

ಸುಜುನೆ ಪೆಚ್ಚಾದಳು. "ನಾನಾ? ನಾನ್ಯಾಕೆ ಕಟ್ಲಿ?"  ಆಮೇಲೆ ಅವಳ ಕಣ್ಣು ಅರಳಿತು, ಮುಖ ಮೆತ್ತಗಾಯಿತು. "ಓ... ಗಂಟು. ಶಿಹೊ ಅವರೇ, ಅದನ್ನ ಅವರನ್ನೇ ಕೇಳಿ. ನಾನು ಹೇಳೋ ಮಾತಲ್ಲ ಅದು. ಅವರು ನನ್ನ ನಂಬಿ ಹೇಳಿದ್ದು."

ಸುಜುನೆ ಸಮಾಧಾನಕ್ಕೇ ಹೇಳಿದ್ದು. ಆದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನನ್ನ ಗಂಡನಿಗೆ ನನಗೆ ಹೇಳದ ಗುಟ್ಟೊಂದಿದೆ. ಅದು ಇವಳ ಹತ್ತಿರ ಇದೆ. ಮೈಮುಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ ಎನ್ನಿಸಿತು ಶಿಹೊಗೆ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಗಂಡನಿರಲಿಲ್ಲ, ಮಗಳೂ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲಿದ್ದ ಡಬ್ಬಿಯೂ ಇರಲಿಲ್ಲ. ಶಿಹೊ ಚಪ್ಪಲಿ ಮೆಟ್ಟಿ ಸಮುದ್ರದ ದಾರಿ ಹಿಡಿದಳು. ಸುಜುನೆಯೂ ಅಲ್ಲಿರುತ್ತಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಮೂವರನ್ನೂ ಒಟ್ಟಿಗೆ ಹಿಡಿದು, ಮೂವರ ಎದುರಿಗೇ ಕೇಳಿಬಿಡಬೇಕು.

ಅಲ್ಲಿ ಇಬ್ಬರೇ ಇದ್ದರು. ಒಂದು ಬಂಡೆಯ ಮರೆಯಲ್ಲಿ, ಅವಳಿಗೆ ಬೆನ್ನು ಮಾಡಿ ಅಪ್ಪ ಮಗಳು ಮರಳಲ್ಲಿ ಕೂತಿದ್ದರು. ನಡುವೆ ಡಬ್ಬಿ, ಡಬ್ಬಿಯ ಕೆಳಗೆ ಹಾಸಿದ ಬಟ್ಟೆ.

"ನೋಡು ಪುಟ್ಟಿ. ಈ ತುದಿ ಎಡಗೈಲಿ. ಇದು ಮೇಲೆ ಬರ್ಬೇಕು. ಹಾಗೆ. ಈಗ ಎಳಿ."

"ಅಪ್ಪಾ, ಹೂವು ಈ ಕಡೆ ಬಂತು."

"ಬರ್ಲಿ. ನಮ್ಮಿಬ್ಬರ ಹೂವು ಆ ಕಡೇಗೇ ಬರೋದು."

ಶಿಹೊ ಬಂಡೆ ಹಿಡಿದು ನಿಂತಳು. ತೊಮೊಹಿಸ ಎಡಗೈಯಲ್ಲಿ ಒಂದು ಚಪ್ಪಟೆ ಕಲ್ಲು ಎತ್ತಿ ನೀರಿನ ಮೇಲೆ ಬೀಸಿದ. ಅದು ಐದು ಸಲ ನೆಗೆದು ಮುಳುಗಿತು. ಹನ್ನೊಂದು ವರ್ಷದಲ್ಲಿ ಅವನು ಅಷ್ಟು ಹಗುರಾಗಿ ಕೈ ಬೀಸಿದ್ದನ್ನು ಅವಳು ನೋಡಿರಲಿಲ್ಲ.

"ಅಪ್ಪಾ, ನಿಂಗೂ ಅಜ್ಜಿ ಹೊಡೀತಿದ್ರಾ?"

"ಹೊಡೀತಿರ್ಲಿಲ್ಲ. ಊಟದ ಹೊತ್ತಿಗೆ ಈ ಕೈನ ನಡುಪಟ್ಟಿಗೆ ಕಟ್ತಿದ್ರು. ಒಂದನೇ ಕ್ಲಾಸ್ ಮುಗಿಯೋವರೆಗೂ. ಆಮೇಲೆ ಅದು ಇದೆ ಅನ್ನೋದೇ ಮರೆತುಹೋಯ್ತು. ನಿನ್ನ ಕೈಗೆ ಅಮ್ಮ ಕರವಸ್ತ್ರ ಸುತ್ತಿದ್ದು ನೋಡಿದ ದಿನ ನೆನಪಾಯ್ತು. ನನ್ನದು ಇನ್ನೂ ಜೀವಂತ ಇದೆಯಾ ಅಂತ ಆಫೀಸಲ್ಲಿ ಊಟದ ಹೊತ್ತಿಗೆ ನೋಡ್ತಿದ್ದೆ. ಮೊದಮೊದಲು ಅನ್ನ ಎಲ್ಲ ಮೈಮೇಲೆ."

ಮಿನೊರಿ ಕಿಲಕಿಲ ನಕ್ಕಳು. "ಅಮ್ಮಂಗೆ ಹೇಳು ಮತ್ತೆ."

"ಬೇಡ ಪುಟ್ಟಿ."

"ಯಾಕಪ್ಪಾ?"

ಅವನು ಡಬ್ಬಿಯ ಗಂಟನ್ನು ಒಮ್ಮೆ ಸರಿಪಡಿಸಿದ. "ಅಮ್ಮ ನನ್ನ ಒಪ್ಪಿದ್ದೇ ಬಲಗೈ ನೋಡಿ."

ಶಿಹೊ ಮರಳ ಮೇಲೇ ಕುಸಿದು ಕೂತಳು.

ಹೆಣ್ಣು ತೋರಿಸಿದ ದಿನ. ಒಸಾಕಾದ ಹೋಟೆಲು, ಎರಡೂ ಕಡೆಯ ಹಿರಿಯರು. ಇಪ್ಪತ್ಮೂರು ವರ್ಷದ ಶಿಹೊ ಎದುರಿಗಿದ್ದವನ ಮುಖ ನೋಡಲು ನಾಚಿ ಅವನ ಕೈಯನ್ನೇ ನೋಡಿದ್ದಳು. ಅವನು ಕಡ್ಡಿ ಹಿಡಿದು ಮೀನಿನ ಮುಳ್ಳನ್ನು ಒಂದೂ ಮುರಿಯದಂತೆ ಬಿಡಿಸಿದ್ದ. ಮದುವೆಯಾದ ಮೇಲೆ ಎಷ್ಟು ಸಲ ಹೇಳಿದ್ದಳು ಅದನ್ನು! "ನೀವು ಕಡ್ಡಿ ಹಿಡಿಯೋ ಅಂದ ನೋಡಿಯೇ ನಾನು ಹೂಂ ಅಂದಿದ್ದು ರೀ." ಪ್ರೀತಿಯಿಂದ ಹೇಳಿದ್ದಳು. ಪ್ರತಿ ಸಲವೂ ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವಳು ಎದ್ದ ಸದ್ದಿಗೆ ತೊಮೊಹಿಸ ತಿರುಗಿದ. ಕೈಯಲ್ಲಿದ್ದ ಕಲ್ಲನ್ನು ಕಳ್ಳನ ಹಾಗೆ ಬಲಗೈಗೆ ದಾಟಿಸಿಕೊಂಡ. 

"ಮಿನೊರಿ, ಹೋಗಿ ಅಜ್ಜಿ ಎದ್ದಿದ್ದಾರಾ ನೋಡು."

ಮಗಳು ಡಬ್ಬಿ ಹಿಡಿದು ಓಡಿದಳು. ಇಬ್ಬರೇ ಉಳಿದರು.

"ನನಗೆ ಯಾಕೆ ಹೇಳ್ಲಿಲ್ಲ?"

ತೊಮೊಹಿಸ ಕಲ್ಲನ್ನು ಮರಳಿಗೆ ಬಿಟ್ಟ.

"ಆ ಸುಜುನೆಗೆ ಹೇಳಿದ್ರಿ. ಹೆಂಡತಿಗೆ ಹೇಳದ ಮಾತನ್ನ ಅವಳಿಗೆ ಹೇಳಿದ್ರಿ."

"ಅವಳು ನನ್ನ ಕೈ ನೋಡಿ ಕಂಡುಹಿಡಿದ್ಲು. ಅವಳೂ ಎಡಚಿ ಅಲ್ವಾ. ಮಿನೊರಿ ಕೈನ ಕ್ಲಾಸಲ್ಲಿ ತಿದ್ದಬೇಡಿ ಅಂತ ಕೇಳ್ಕೊಂಡೆ. ಅಷ್ಟೇ ಶಿಹೊ. ಬೇರೇನೂ ಇಲ್ಲ."

"ಅಷ್ಟೇನಾ? ಬೇರೇನಾದ್ರೂ ಆಗಿದ್ರೆ ಜಗಳ ಆಡಿ ಬಿಡ್ತಿದ್ದೆ. ಇದಕ್ಕೆ ಏನ್ ಮಾಡ್ಲಿ ನಾನು?" ಶಿಹೊ ಅವನ ಎಡಗೈ ಕಡೆ ಬೆರಳು ತೋರಿಸಿದಳು. "ನಾಲ್ಕು ತಿಂಗಳು ರೀ. ದಿನಾ ಡಬ್ಬಿ ಬಿಚ್ಚೋವಾಗ ಸತ್ತು ಹುಟ್ಟಿದ್ದೀನಿ. ಯಾರೋ ಹೆಂಗಸು ಕಟ್ಟಿದ್ದಾಳೆ ಅಂತ. ಈ ಕೈಗೆ ಹೊಟ್ಟೆಕಿಚ್ಚು ಪಟ್ಟಿದ್ದೀನಿ ನಾನು."

ತೊಮೊಹಿಸ ಅವಳನ್ನು ನೋಡಿದ. ತನ್ನ ಎಡಗೈ ನೋಡಿಕೊಂಡ. ಪಾಪದವನಿಗೆ ಆಗ ಎಲ್ಲ ಅರ್ಥವಾಯಿತು.

"ಅದಕ್ಕಾ ಟಿಕೆಟ್ ತೆಗೆದಿದ್ದು?"

"ಮತ್ತಿನ್ನೇನಕ್ಕೆ. ನೀವ್ಯಾಕೆ ಬೇಡ ಅನ್ಲಿಲ್ಲ?"

"ಬೇಡ ಅಂದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ. ಯಾಕೆ ಅಂತ ಹೇಳೋಕೆ ಹೋದ್ರೆ ಈ ಕೈ ತೋರಿಸ್ಬೇಕಿತ್ತು." ಅವನು ಮರಳ ಮೇಲೆ ಕೂತ. ಅವರ ಮದುವೆಯ ಜೀವನದಲ್ಲೇ ಅತಿ ಉದ್ದದ ಮಾತನ್ನು ಆಗ ಆಡಿದ. "ನೀನು ನೋಡಿ ಒಪ್ಪಿದ ಕೈ ನಂದಲ್ಲ ಶಿಹೊ. ಅಮ್ಮ ಕಟ್ಟಿ ಕಟ್ಟಿ ಮಾಡಿದ್ದು. ನಿಜ ಗೊತ್ತಾದ್ರೆ ಮೋಸ ಹೋದೆ ಅಂದ್ಕೋತೀಯ ಅಂತ ಭಯ. ನಾಲ್ಕು ವರ್ಷದಿಂದ ನೀನು ಮಿನೊರಿ ಕೈ ತಿದ್ದೋದನ್ನ ನೋಡ್ತಿದ್ದೆ. ಬೇಡ ಅನ್ನೋಕೆ ಧೈರ್ಯ ಇರ್ಲಿಲ್ಲ. ಒಸಾಕಾಗೆ ಹೋದ್ರೆ ಆ ಕೈ ಮುಗೀತು. ಇಲ್ಲಿದ್ರೆ ಉಳಿಯುತ್ತೇನೋ ಅಂತ ಆಸೆ. ನಿನ್ನೆ ಅವಳು ಕೈ ಮೇಲೆ ಕೂತ್ಕೊಂಡ್ಲಲ್ಲ... ನಾನೂ ಹಾಗೇ ಕೂರ್ತಿದ್ದೆ."

ಶಿಹೊ ಅತ್ತಳು. ಗಂಡನಿಗಾಗಿ ಅತ್ತಳೋ, ಮಗಳ ಕೈಗೆ ಕೊಟ್ಟ ಏಟಿಗಾಗಿ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಹಡೆದ ಮಗಳ ಕೈಗೆ ತಾನೇ ಬಟ್ಟೆ ಸುತ್ತಿ ಕೂರಿಸಿದ್ದು, ಮಗಳು ಅದನ್ನೂ ತುಟಿಪಿಟಕ್ಕೆನ್ನದೆ ಸಹಿಸಿದ್ದು ಕಣ್ಣಮುಂದೆ ಬಂದು ನಿಂತವು.

"ಇಬ್ಬರೂ ಅಪ್ಪ ಮಗಳೇ," ಎಂದಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು. "ಬಾಯಿ ಬಿಟ್ಟು ಒಂದು ಮಾತು ಹೇಳಲ್ಲ."

ಮನೆಗೆ ಬಂದು ಶಿಹೊ ಒಬ್ಬಳೇ ತಿಂಡಿಗೆ ಅಣಿ ಮಾಡಿದಳು. ಅನ್ನ, ಸಾರು, ಮೀನು. ಒಬ್ಬೊಬ್ಬರ ಮುಂದೆಯೂ ಕಡ್ಡಿ ಇಟ್ಟಳು. ಅವರಲ್ಲಿ ಕಡ್ಡಿಯನ್ನು ಅಡ್ಡಡ್ಡ ಇಡುವುದು, ಚೂಪು ತುದಿ ಎಡಕ್ಕೆ, ಬಲಗೈಗೆ ಎಟುಕುವ ಹಾಗೆ. ಶುಭ ಕಾರ್ಯವಿರಲಿ, ಬರಿಯ ಗಂಜಿಯಿರಲಿ, ಅದು ತಪ್ಪುವುದಿಲ್ಲ. 

ಅತ್ತೆ ಬಂದು ಕೂತರು. ಮೇಜನ್ನು ನೋಡಿದರು.

"ಶಿಹೊ, ಎರಡು ಜೊತೆ ಕಡ್ಡಿ ತಿರುಗಾಮುರುಗಾ ಇಟ್ಟಿದ್ದೀಯಲ್ಲ."

"ಇಲ್ಲ ಅತ್ತೆ. ಸರಿಯಾಗೇ ಇಟ್ಟಿದ್ದೀನಿ."

ಮಿನೊರಿ ಅಮ್ಮನ ಮುಖ ನೋಡಿದಳು. ಆಮೇಲೆ ತನ್ನ ಮುಂದಿನ ಕಡ್ಡಿ. ಕೈ ಮುಂದೆ ಬರಲಿಲ್ಲ, ನಿನ್ನೆಯ ಏಟು ಇನ್ನೂ ಮರೆತಿರಲಿಲ್ಲ. ಶಿಹೊ ಮಗಳ ಪಕ್ಕ ಮಂಡಿಯೂರಿ ಕೂತು, ಆ ಪುಟ್ಟ ಎಡಗೈಯನ್ನು ತೊಡೆಯ ಕೆಳಗಿನಿಂದ ಮೆಲ್ಲಗೆ ಬಿಡಿಸಿ ತನ್ನ ಕೆನ್ನೆಗೆ ಒತ್ತಿಕೊಂಡಳು.

"ಅಮ್ಮಂದು ತಪ್ಪಾಯ್ತು ಪುಟ್ಟಿ. ಈ ಕೈ ಚೆನ್ನಾಗಿದೆ. ಇದರಲ್ಲೇ ತಿನ್ನು."

 ತೊಮೊಹಿಸ ಕೈ ಚಾಚಿ, ತಾಯಿಯ ಎದುರಿಗೆ, ಮೂವತ್ತೆರಡು ವರ್ಷದ ನಂತರ ಎಡಗೈಯಲ್ಲಿ ಕಡ್ಡಿ ಎತ್ತಿದ. ಅನ್ನ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಸ್ವಲ್ಪ ಉದುರಿತು. ಅತ್ತೆ ಅದನ್ನೇ ನೋಡುತ್ತಿದ್ದರು. ಈಗ ಬೈಗುಳ ಬರುತ್ತದೆ ಎಂದುಕೊಂಡಳು ಶಿಹೊ.

"ನಡುಪಟ್ಟಿ ಬಿಗಿಯಾಗಿದೆ ಅಂತ ಅಳ್ತಿದ್ದೆ ನೀನು," ಎಂದರು ಅತ್ತೆ ಕೊನೆಗೆ, ಸಾರಿನ ಬಟ್ಟಲಿಗೆ ಹೇಳಿದ ಹಾಗೆ. "ನಮ್ಮತ್ತೆ ಬಾಗಿಲಲ್ಲೇ ನಿಂತು ನೋಡ್ತಿದ್ರು. ಸಡಿಲ ಮಾಡೋಕೆ ನಂಗೂ ಧೈರ್ಯ ಇರ್ಲಿಲ್ಲ ಮಗಾ." ಮತ್ತೆ ಮೀನಿನ ತಟ್ಟೆಯನ್ನು ಅವನ ಎಡಗಡೆಗೆ ಸರಿಸಿದರು. "ತಿನ್ನು, ಆರಿಹೋಗುತ್ತೆ."

ಅಂದು ಸಂಜೆ ಸುಜುನೆ ಬಂದಾಗ ಅವಳಿಗೆ ಎರಡನೇ ಸಲ ಅನ್ನ ಬಡಿಸಿದವಳು ಶಿಹೊ. ಹೊಟ್ಟೆಯುರಿ ಪೂರ್ತಿ ಆರಿತ್ತು ಎಂದರೆ ಸುಳ್ಳಾದೀತು. "ಒಂದು ವಿಷಯ ಟೀಚರ್," ಎಂದಳು ಸಾರು ಹಾಕುತ್ತ. "ನಮ್ಮೆಜಮಾನ್ರನ್ನ ಮನೆತನದ ಹೆಸರಿಂದಲೇ ಕರೀರಿ. ಆ ಇನ್ನೊಂದು ಹೆಸರು ನಂಗೆ ಬೇಕು." ಸುಜುನೆ ಗುಳಿ ಬೀಳುವಂತೆ ನಕ್ಕು, ಸೊಂಟದವರೆಗೆ ಬಾಗಿದಳು.

ಕೊನೆಯ ದಿನ ನೀರು ಹಿಂದೆ ಸರಿದ ಹೊತ್ತಿನಲ್ಲಿ ನಾಲ್ವರೂ ದಡಕ್ಕೆ ಹೋದರು. ಅಜ್ಜಿ ಮೊಮ್ಮಗಳು ಚಿಪ್ಪು ಹೆಕ್ಕುತ್ತ ಮುಂದೆ ಹೋದರು. ಗಂಡ ಹೆಂಡತಿ ಹಿಂದುಳಿದರು.

"ಎರಡು ಟಿಕೆಟ್ ರದ್ದು ಮಾಡಿದೆ," ಎಂದಳು ಶಿಹೊ. "ಕಂಪನಿಗೆ ಬರೀರಿ. ಮೂರು ವರ್ಷ, ಮೂರು ಜನ."

"ನಿಜವಾಗ್ಲೂ?"

"ಹೂಂ. ನನ್ನ ಸವತಿ ಜೊತೆ ಇನ್ಮೇಲೆ ಹೊಂದ್ಕೊಂಡು ಹೋಗ್ಬೇಕಲ್ಲ, ಅದಕ್ಕೆ ಸಮಯ ಬೇಕು."

ಅವನು ಜೋರಾಗಿ ನಕ್ಕ. ಅಭ್ಯಾಸಬಲದಿಂದ ಬಲಗೈಯನ್ನು ಅವಳತ್ತ ಚಾಚಿದ. ಶಿಹೊ ಅದನ್ನು ಹಿಡಿಯಲಿಲ್ಲ. ಅವನನ್ನು ಸುತ್ತಿ ಬಂದು ಆಚೆ ಬದಿಗೆ ನಿಂತಳು.

"ತೊಮೊಹಿಸ," ಎಂದಳು. ಹೆಸರು ಬಾಯಲ್ಲಿ ಹೊಸದಾಗಿತ್ತು, ಕಿವಿ ಕೆಂಪಾಯಿತು. "ಕೈ ಕೊಡಿ."

"ಯಾವ ಕೈ?"

"ಹನ್ನೊಂದು ವರ್ಷ ನನಗೆ ಕೊಡದೇ ಇಟ್ಕೊಂಡಿದ್ರಲ್ಲ, ಆ ಕೈ."